ಗುರುಗಳ ಗುರು ಡೆಪ್ಯುಟಿ ಚನ್ನಬಸಪ್ಪನವರು

ವೀರಶೈವರ ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲನೆಯ ಸ್ಥಾನವಿರುವುದು ಭಕ್ತರೆಲ್ಲರೂ ಬಲ್ಲ ವಿಷಯ. ಆದರೆ ಗುರುವಾದವನಿಗೂ ಗುರುವು ಬೇಕೆಂಬ ಮಾತನ್ನು ಮಠಗಳ ಒಳನಡೆಯನ್ನು ಕಂಡವರು ಮಾತ್ರ ಚೆನ್ನಾಗಿ ಅರಿಯಬಲ್ಲರು. ಹಿರಿಯ ಸ್ವಾಮಿಗಳು ಕಿರಿಯ ಮರಿಗಳನ್ನು ತಮ್ಮ ಸನ್ನಿಧಿಯಲ್ಲಿಟ್ಟುಕೊಂಡು ಪಾಠ ಹೇಳುವರು. ಪೂಜೆ, ಪ್ರವಚನ, ದಾಸೋಹಗಳ ರೀತಿಯನ್ನು ಕಣ್ಣಾರೆ ತೋರಿಸಿ ಕಲಿಸುವರು. ಪಟ್ಟವಾದ ಬಳಿಕವೂ ತಪ್ಪಿದಾಗ ತಿದ್ದಿ, ಕುಗ್ಗಿದಾಗ ಧೈರ್ಯ ಹೇಳಿ, ಕೊನೆಯವರೆಗೂ ಕೈಬಿಡದೆ ನಡೆಸುವರು. ಹೀಗಿರುವುದರಿಂದಲೇ ಮಠಗಳ ಪರಂಪರೆಯು ಶತಮಾನಗಳವರೆಗೆ ಉಳಿದು ಬಂದಿದೆ. ಆದರೆ ಹಳ್ಳಿಯ ಸಾಲೆಯಲ್ಲಿ ಒಬ್ಬನೇ ಕುಳಿತು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಬಡ ಶಿಕ್ಷಕನಿಗೆ ಇಂತಹ ಆಸರೆ ಎಲ್ಲಿಯದು? ಆತನನ್ನು ಸಿದ್ಧಪಡಿಸುವವರು ಯಾರು? ಸಿದ್ಧನಾದ ಮೇಲೆ ಆತನ ಕೈ ಹಿಡಿದು ನಡೆಸುವವರು ಯಾರು? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಮೊಟ್ಟಮೊದಲು ತಮ್ಮ ಜೀವಮಾನವನ್ನೇ ಉತ್ತರವಾಗಿ ಕೊಟ್ಟವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು.

ಅವರ ಕಾರ್ಯದ ಹಿರಿಮೆಯು ತಿಳಿಯಬೇಕಾದರೆ ಅವರಿಗಿಂತ ಮುಂಚಿನ ಸಾಲೆಗಳ ಸ್ಥಿತಿಯನ್ನು ಕೊಂಚ ನೆನೆಯಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆಗ ಸಾಲೆಗೂ ಮಠವೆಂದೇ ಹೆಸರು. ಊರ ಅಯ್ಯನವರು ತಮ್ಮ ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಮಕ್ಕಳನ್ನು ಕೂರಿಸಿಕೊಂಡು ಓನಾಮದಿಂದ ತೊಡಗಿ ಕಾಗುಣಿತ, ಮಗ್ಗಿ, ಲೆಕ್ಕ, ಕಾಗದಪತ್ರಗಳ ಓದು ಇಷ್ಟನ್ನು ಕಲಿಸುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಅಕ್ಷರವು ಕ್ರಮೇಣ ಹಲಗೆಗೆ ಏರುತ್ತಿದ್ದಿತು. ಸುಗ್ಗಿಯ ಕಾಲದಲ್ಲಿ ಮಕ್ಕಳ ಮನೆಯಿಂದ ಬರುವ ಕಾಳುಕಡಿಯೇ ಅಯ್ಯನವರ ಸಂಬಳ. ಸಾಲಿಮಠವೆಂಬ ಮನೆತನದ ಹೆಸರು ಇಂದಿಗೂ ಅನೇಕ ಊರುಗಳಲ್ಲಿ ಕೇಳಿಬರುವುದು ಆ ಕಾಲದ ಕುರುಹೇ ಸರಿ. ಈ ಮಠಗಳು ಮಾಡಿದ ಉಪಕಾರವು ಅಲ್ಪವಲ್ಲ. ಸರಕಾರದ ಸಹಾಯವಿಲ್ಲದೆ, ಅಚ್ಚಿನ ಪುಸ್ತಕವಿಲ್ಲದೆ, ಅಕ್ಷರವೆಂಬುದು ನಾಡಿನಲ್ಲಿ ಆರಿಹೋಗದಂತೆ ಅವು ಕಾಪಾಡಿದವು. ಆದರೆ ಕಲಿಸುವವರಿಗೆ ಕಲಿಸುವ ಏರ್ಪಾಡು ಮಾತ್ರ ಇರಲಿಲ್ಲ. ತಂದೆಯು ಕಲಿಸಿದಂತೆ ಮಗನು ಕಲಿಸುವನು. ತಂದೆಗೆ ತಿಳಿಯದುದು ಮಗನಿಗೂ ತಿಳಿಯದೆ ಉಳಿಯುವುದು. ಕಂಠಪಾಠವೂ ಬೆತ್ತವೂ ಎರಡೇ ಸಾಧನಗಳಾಗಿದ್ದವು.

ಇಂತಹ ಕಾಲದಲ್ಲಿ, ಕ್ರಿಸ್ತಶಕ ೧೮೩೪ರಲ್ಲಿ, ಧಾರವಾಡದ ಒಂದು ಲಿಂಗವಂತ ಮನೆತನದಲ್ಲಿ ಚನ್ನಬಸಪ್ಪನವರು ಜನಿಸಿದರು. ಊರಿನಲ್ಲಿ ಪ್ರಾರಂಭದ ವಿದ್ಯಾಭ್ಯಾಸವು ಮುಗಿದ ಮೇಲೆ ಅವರಿಗೆ ಇಂಗ್ಲಿಷ್ ವಿದ್ಯೆಯ ಮೇಲೆ ಹಂಬಲ ಹುಟ್ಟಿತು. ಅದನ್ನು ಪಡೆಯಬೇಕಾದರೆ ಪುಣೆಗೆ ಹೋಗಬೇಕಾಗಿದ್ದಿತು. ಧಾರವಾಡಕ್ಕೆ ಆಗಿನ್ನೂ ಉಗಿಬಂಡಿಯು ಬಂದಿರಲಿಲ್ಲ. ಅದು ಬಂದದ್ದು ಅವರು ತೀರಿಕೊಂಡ ಕೆಲವು ವರ್ಷಗಳ ತರುವಾಯ. ದಾರಿಯ ಶ್ರಮವನ್ನೂ ಪರಸ್ಥಳದ ವಾಸವನ್ನೂ ಲೆಕ್ಕಿಸದೆ ಆ ತರುಣರು ಪುಣೆಯನ್ನು ಸೇರಿ ಅಲ್ಲಿ ಇಂಗ್ಲಿಷ್ ವಿದ್ಯೆಯನ್ನೂ ಹೊಸ ಶಾಸ್ತ್ರಗಳನ್ನೂ ಅಭ್ಯಾಸ ಮಾಡಿದರು. ಅಷ್ಟು ಓದಿದವರಿಗೆ ಆಗಿನ ಕಾಲದಲ್ಲಿ ಸರಕಾರದ ಬೇರೆ ಬೇರೆ ಖಾತೆಗಳಲ್ಲಿ ಹುದ್ದೆಗಳು ಕಾದಿರುತ್ತಿದ್ದವು. ಆದರೂ ಚನ್ನಬಸಪ್ಪನವರು ಕೈಗೊಂಡದ್ದು ವಿದ್ಯಾಖಾತೆಯ ಸೇವೆಯನ್ನು. ಅದರಲ್ಲಿಯೂ ಶಿಕ್ಷಕರನ್ನು ತಯಾರಿಸುವ ಕೆಲಸವನ್ನು.

ಆ ಹೊತ್ತಿಗೆ ಕನ್ನಡ ನಾಡಿನ ವಿದ್ಯಾಸ್ಥಿತಿಯು ವಿಚಿತ್ರವಾಗಿದ್ದಿತು. ಪೇಶವೆಯರ ಆಳಿಕೆಯು ೧೮೧೮ರಲ್ಲಿ ಕೊನೆಗಂಡು ಧಾರವಾಡ, ಬೆಳಗಾಂವಿ ಸೀಮೆಗಳು ಇಂಗ್ಲಿಷರ ಕೈಸೇರಿ ಮುಂಬಯಿ ಇಲಾಖೆಗೆ ಒಳಪಟ್ಟಿದ್ದವು. ಅರಸರು ಬದಲಾದರೂ ಕಛೇರಿಯ ಭಾಷೆಯು ಬದಲಾಗಲಿಲ್ಲ. ಲೆಕ್ಕಪತ್ರಗಳನ್ನು ಬರೆಯುವವರು ಮರಾಠಿಯವರು; ಮೇಲಧಿಕಾರಿಗಳಿಗೆ ಪರಿಚಯವಿದ್ದ ದೇಶಭಾಷೆ ಮರಾಠಿ; ಆದುದರಿಂದ ಸರಕಾರಿ ಸಾಲೆಗಳಲ್ಲಿಯೂ ಮರಾಠಿಯೇ ನಡೆಯತೊಡಗಿತು. ವಾಲ್ಟರ್ ಎಲಿಯಟ್ ಸಾಹೇಬರು ೧೮೩೦ರ ಸುಮಾರಿನಲ್ಲಿ ಧಾರವಾಡದಲ್ಲಿ ತಮ್ಮ ಸ್ವಂತ ಖರ್ಚಿನಿಂದ ಕನ್ನಡ ಸಾಲೆಯೊಂದನ್ನು ನಡೆಸಿ ಈ ನಾಡಿನ ಜನರ ಮಾತು ಕನ್ನಡವೆಂಬುದನ್ನು ಎತ್ತಿ ತೋರಿಸಿದರು. ಆದರೂ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡವನ್ನಾಡುವ ಕೂಸು ಸಾಲೆಗೆ ಬಂದು ತಿಳಿಯದ ಭಾಷೆಯಲ್ಲಿ ತಿಳಿಯದ ಪಾಠವನ್ನು ಒದರುವ ಪರಿಯು ಬಹುಕಾಲ ನಿಲ್ಲಲಿಲ್ಲ. ೧೮೫೪ರಲ್ಲಿ ವಿಲಾಯತಿಯಿಂದ ವುಡ್ ಸಾಹೇಬರ ಆಜ್ಞಾಪತ್ರವು ಬಂದಿತು. ಪ್ರತಿಯೊಂದು ಇಲಾಖೆಯಲ್ಲಿಯೂ ವಿದ್ಯಾಖಾತೆಯು ಏರ್ಪಡಬೇಕು, ಸಾಲೆಗಳನ್ನು ಪರೀಕ್ಷಿಸುವ ಅಧಿಕಾರಿಗಳು ನೇಮಕವಾಗಬೇಕು, ಶಿಕ್ಷಕರಿಗೆ ಶಿಕ್ಷಣ ಕೊಡುವ ನಾರ್ಮಲ್ ಸಾಲೆಗಳು ಸ್ಥಾಪನೆಯಾಗಬೇಕು ಎಂಬುದು ಅದರ ತಾತ್ಪರ್ಯಗಳಲ್ಲಿ ಮುಖ್ಯವಾದುದು. ಮುಂದಿನ ವರ್ಷವೇ ಮುಂಬಯಿಯಲ್ಲಿ ವಿದ್ಯಾಖಾತೆಯು ಪ್ರಾರಂಭವಾಯಿತು. ಕಾಗದದ ಮೇಲಿನ ಈ ಏರ್ಪಾಡಿಗೆ ಕನ್ನಡ ಸೀಮೆಯಲ್ಲಿ ಜೀವ ತುಂಬಬಲ್ಲ ಮನುಷ್ಯನು ಬೇಕಾಗಿದ್ದನು.

ಧಾರವಾಡದ ನಾರ್ಮಲ್ ಸಾಲೆಯ ಮುಖ್ಯಸ್ಥಾನವು ಚನ್ನಬಸಪ್ಪನವರಿಗೆ ದೊರೆತದ್ದು ನಾಡಿನ ಭಾಗ್ಯವೆನ್ನಬೇಕು. ಈ ಸಾಲೆಯೇ ಮುಂದೆ ಟ್ರೇನಿಂಗ್ ಕಾಲೇಜೆಂದು ಪ್ರಸಿದ್ಧವಾಯಿತು. ನಾನಾ ಊರುಗಳಿಂದ ತರುಣರು ವಿದ್ಯಾರ್ಥಿವೇತನವನ್ನು ಪಡೆದು ಇಲ್ಲಿಗೆ ಬರುತ್ತಿದ್ದರು. ಅವರಲ್ಲಿ ಕೆಲವರಿಗೆ ಮರಾಠಿಯಲ್ಲಿ ಬರೆಯಲು ಬರುವುದು, ಕನ್ನಡದಲ್ಲಿ ಬಾರದು; ಕೆಲವರಿಗೆ ಹಳೆಯ ಕಾವ್ಯಗಳು ಬಾಯಿಗೆ ಬರುವವು, ಆದರೆ ಭೂಗೋಳವೆಂದರೇನೆಂಬುದು ತಿಳಿಯದು. ಇಂತಹವರನ್ನು ಶಿಕ್ಷಕರನ್ನಾಗಿ ಮಾಡಿ ಕಳುಹಿಸಬೇಕು. ವಿಷಯವನ್ನು ತಿಳಿದರೆ ಸಾಲದು, ತಿಳಿದುದನ್ನು ಕೂಸಿನ ಬುದ್ಧಿಗೆ ನಿಲುಕುವಂತೆ ಹೇಳಲು ಬರಬೇಕೆಂಬುದು ನಾರ್ಮಲ್ ಸಾಲೆಯ ಮೂಲತತ್ತ್ವ. ಅದಕ್ಕಾಗಿಯೇ ಇಂತಹ ಸಾಲೆಗಳಿಗೆ ಹೊಂದಿಕೊಂಡು ಚಿಕ್ಕ ಮಕ್ಕಳ ಸಾಲೆಯೊಂದು ಇರುತ್ತಿದ್ದಿತು. ಕಲಿಯುವ ಶಿಕ್ಷಕನು ಅಲ್ಲಿ ಮಕ್ಕಳ ಎದುರಿಗೆ ನಿಂತು ಪಾಠ ಹೇಳಬೇಕು. ಗುರುವು ಹಿಂದೆ ಕುಳಿತು ಕೇಳಬೇಕು. ಪಾಠವು ಮುಗಿದ ಮೇಲೆ ಗುಣದೋಷಗಳನ್ನು ವಿಚಾರಿಸಬೇಕು. ಮಠದಲ್ಲಿ ಹಿರಿಯ ಸ್ವಾಮಿಗಳು ಮರಿಗಳಿಂದ ಪ್ರವಚನ ಹೇಳಿಸಿ ಕೇಳುವ ಪದ್ಧತಿಗೂ ಇದಕ್ಕೂ ಬಹಳ ಭೇದವಿಲ್ಲ.

ಇಲ್ಲಿಂದ ಮುಂದೆ ಚನ್ನಬಸಪ್ಪನವರು ಬೆಳಗಾಂವಿ ಜಿಲ್ಲೆಯ ಡೆಪ್ಯುಟಿ ಎಜ್ಯುಕೇಶನಲ್ ಇನ್ಸ್ಪೆಕ್ಟರರಾಗಿ ನೇಮಕವಾದರು. ಈ ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡು ಜನರ ಬಾಯಲ್ಲಿ ಅವರು ಡೆಪ್ಯುಟಿ ಚನ್ನಬಸಪ್ಪನವರಾದರು. ಡೆಪ್ಯುಟಿಯೆಂಬ ಹೆಸರು ಆಗಿನ ಶಿಕ್ಷಕರಿಗೆ ಭಯವನ್ನು ಹುಟ್ಟಿಸುವಂತಹದು. ಕುದುರೆಯ ಮೇಲೋ ಚಕ್ಕಡಿಯಲ್ಲೋ ಊರಿಂದೂರಿಗೆ ಸಾಗಿ, ಹಾಜರಿ ಪಟ್ಟಿಯನ್ನು ನೋಡಿ, ಒಂದೊಂದು ವರ್ಗವನ್ನೂ ಪರೀಕ್ಷಿಸಿ, ಪುಸ್ತಕದಲ್ಲಿ ಶೇರಾ ಬರೆದು ಹೋಗುವ ಅಧಿಕಾರಿ ಆತನು. ಆ ಒಂದು ಶೇರೆಯ ಮೇಲೆ ಬಡ ಶಿಕ್ಷಕನ ಬಡತಿಯೂ ವರ್ಗಾವಣೆಯೂ ನಿಂತಿರುತ್ತಿದ್ದವು. ತಪ್ಪನ್ನು ಕಂಡುಹಿಡಿದು ದಂಡಿಸುವುದಷ್ಟೇ ತನ್ನ ಕೆಲಸವೆಂದು ತಿಳಿದ ಅಧಿಕಾರಿಯು ಬಂದರೆ ಶಿಕ್ಷಕನು ತನ್ನ ಕೊರತೆಯನ್ನು ಮರೆಮಾಚಲು ಕಲಿಯುವನೇ ಹೊರತು ತಿದ್ದಿಕೊಳ್ಳಲು ಕಲಿಯಲಾರನು. ಶಿಕ್ಷಕರನ್ನು ತಯಾರಿಸುವ ಸಾಲೆಯಿಂದ ಬಂದ ಚನ್ನಬಸಪ್ಪನವರಿಗೆ ಶಿಕ್ಷಕನ ಕೊರತೆಯ ಮೂಲವು ಎಲ್ಲಿದೆಯೆಂಬುದು ತಿಳಿದಿದ್ದಿತು. ಪರೀಕ್ಷಕನ ಅಧಿಕಾರವೂ ಗುರುವಿನ ಅನುಭವವೂ ಅವರಲ್ಲಿ ಒಂದಾಗಿ ಸೇರಿದ್ದುದೇ ಅವರ ವಿಶೇಷ.

ಬೆಳಗಾಂವಿ ಜಿಲ್ಲೆಯಲ್ಲಿ ಅವರು ಕಂಡುದೇನು? ಒಳನಾಡಿನ ಹಳ್ಳಿಗಳಲ್ಲಿ ರೈತನೂ ನೇಕಾರನೂ ಅಂಗಡಿಕಾರನೂ ಆಡುವ ಮಾತು ಕನ್ನಡ. ಸರಕಾರಿ ಸಾಲೆಯಲ್ಲಿ ನಡೆಯುವುದು ಮರಾಠಿ. ಮಕ್ಕಳು ಸಾಲೆಗೆ ಬಾರದಿರುವುದಕ್ಕೆ ತಂದೆತಾಯಿಗಳ ಅಜ್ಞಾನವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭವಾಗಿದ್ದಿತು. ಚನ್ನಬಸಪ್ಪನವರು ಅಷ್ಟಕ್ಕೆ ನಿಲ್ಲದೆ ಈ ಸೀಮೆಯ ತಾಯ್ನುಡಿಯು ಕನ್ನಡವೆಂಬುದನ್ನು ಮೇಲಧಿಕಾರಿಗಳ ಮನಸ್ಸಿಗೆ ತಂದುಕೊಟ್ಟು, ಕನ್ನಡ ಸಾಲೆಗಳನ್ನು ತೆರೆಯಿಸುವ ಮಹಾಕಾರ್ಯಕ್ಕೆ ಕೈಹಾಕಿದರು. ದಕ್ಷಿಣ ವಿಭಾಗದ ವಿದ್ಯಾಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಕನ್ನಡದ ಅಭಿಮಾನಿಗಳಾಗಿದ್ದು ಇವರಿಗೆ ಬೆಂಬಲವಾಗಿ ನಿಂತರು. ೧೮೬೦ರ ದಶಕದಲ್ಲಿ ಭೂಕಂದಾಯದ ಮೇಲಿನ ಪಟ್ಟಿಯಿಂದ ಬಂದ ಹಣದ ಒಂದು ಪಾಲು ವಿದ್ಯೆಗೆ ಮೀಸಲಾದುದು ಹೊಸ ಸಾಲೆಗಳಿಗೆ ಅನುಕೂಲವಾಯಿತು. ಕ್ರಮಕ್ರಮವಾಗಿ ಮರಾಠಿ ಸಾಲೆಗಳಿದ್ದ ಊರುಗಳಲ್ಲಿ ಕನ್ನಡ ಸಾಲೆಗಳು ಕಾಣಿಸಿಕೊಂಡವು. ಸಾಲೆಯೇ ಇಲ್ಲದ ಊರುಗಳಲ್ಲಿಯೂ ಹೊಸದಾಗಿ ತೆರೆದವು. ಪುಣೆಯಲ್ಲಿ ಓದಿದ ಅವರಿಗೆ ಮರಾಠಿಯು ಪರಕೀಯವಾದ ಭಾಷೆಯಾಗಿರಲಿಲ್ಲ, ಅದರ ಮೇಲೆ ದ್ವೇಷಕ್ಕೂ ಕಾರಣವಿರಲಿಲ್ಲ. ಕೂಸು ತಾಯಿಯ ಮಾತಿನಲ್ಲಿ ಕಲಿಯಬೇಕೆಂಬ ಒಂದೇ ನ್ಯಾಯವು ಅವರ ಮುಂದಿದ್ದಿತು.

ಆದರೆ ನಿಜವಾದ ಕಷ್ಟವು ಇಲ್ಲಿಂದಲೇ ಪ್ರಾರಂಭವಾಯಿತು. ಸಾಲೆಯ ಭಾಷೆಯನ್ನು ಬದಲಿಸುವ ಆಜ್ಞೆಯು ಬೆಳಗಾಂವಿಯ ಕಛೇರಿಯಿಂದ ಒಂದು ದಿನದಲ್ಲಿ ಹೊರಡಬಹುದು. ಶಿಕ್ಷಕನು ಒಂದು ದಿನದಲ್ಲಿ ತಯಾರಾಗನು. ಮರಾಠಿಯಲ್ಲಿ ಕಲಿತು ಮರಾಠಿಯಲ್ಲಿಯೇ ಕಲಿಸಿ ಕೂದಲು ನರೆತ ಮಾಸ್ತರನು ಈಗ ಕನ್ನಡದಲ್ಲಿ ಲೆಕ್ಕವನ್ನೂ ಭೂಗೋಳವನ್ನೂ ಹೇಳಬೇಕು. ಆತನ ಕೈಯಲ್ಲಿ ತಕ್ಕ ಪುಸ್ತಕಗಳಿಲ್ಲ, ಬಾಯಲ್ಲಿ ತಕ್ಕ ಶಬ್ದಗಳಿಲ್ಲ. ನಾರ್ಮಲ್ ಸಾಲೆಯಿಂದ ಹೊಸದಾಗಿ ಬಂದ ತರುಣನ ಪಾಡು ಬೇರೆ. ಧಾರವಾಡದಲ್ಲಿ ಗುರುಗಳೂ ಗೆಳೆಯರೂ ಸುತ್ತಲಿದ್ದರು. ಹಳ್ಳಿಯಲ್ಲಿ ತನ್ನ ಸಂದೇಹವನ್ನು ಕೇಳಲು ಒಬ್ಬನೂ ಇಲ್ಲ. ಒಂದೆರಡು ವರ್ಷಗಳಲ್ಲಿ ಕಲಿತದ್ದು ಮಾಸಿಹೋಗುವುದು, ಹಳೆಯ ಬೆತ್ತವು ಮತ್ತೆ ಕೈಗೆ ಬರುವುದು. ಶಿಕ್ಷಕನು ಹೀಗೆ ಸೋತರೆ ಕನ್ನಡ ಸಾಲೆಯೂ ಸೋಲುವುದು. ಕನ್ನಡದಲ್ಲಿ ವಿದ್ಯೆಯು ಸಾಧ್ಯವೇ ಇಲ್ಲವೆಂದು ಹೇಳಲು ಕಾದಿದ್ದವರ ಮಾತು ಗೆಲ್ಲುವುದು. ಆದುದರಿಂದ ಶಿಕ್ಷಕನನ್ನು ಒಮ್ಮೆ ತಯಾರಿಸಿ ಕಳುಹಿಸಿದರೆ ಕೆಲಸವು ಮುಗಿಯಲಿಲ್ಲ, ಆತನು ಸಾಲೆಯಲ್ಲಿರುವವರೆಗೂ ಆತನ ಬೆನ್ನ ಹಿಂದೆ ಇರಬೇಕೆಂಬ ಸತ್ಯವು ಆ ಕಾಲದ ಕೆಲಸದಿಂದಲೇ ಸ್ಪಷ್ಟವಾಗಿ ಮೇಲೆದ್ದು ಬಂದಿತು.

ಡೆಪ್ಯುಟಿಯು ವರ್ಷಕ್ಕೆ ಒಂದೆರಡು ಸಲ ಬಂದುಹೋಗಬಹುದು. ಉಳಿದ ದಿನಗಳಲ್ಲಿ ಆ ಶಿಕ್ಷಕನ ಬಳಿಗೆ ಹೋಗುವವರು ಯಾರು? ಇದಕ್ಕೆ ದೊರೆತ ಉತ್ತರವು ಒಂದು ಚಿಕ್ಕ ಮಾಸಪತ್ರಿಕೆ. ೧೮೬೫ರಲ್ಲಿ ಹುಟ್ಟಿದ ಈ ಪತ್ರಿಕೆಯ ಹೆಸರು ಮಠಪತ್ರಿಕೆ. ಹೆಸರನ್ನು ಕೇಳಿ ಇದು ಧರ್ಮದ ಪತ್ರಿಕೆಯೆಂದು ಇಂದಿನವರು ಭ್ರಮಿಸಬಹುದು. ಸಾಲೆಗೆ ಮಠವೆಂಬ ಹೆಸರು ಜನರ ನಾಲಗೆಯ ಮೇಲೆ ಇನ್ನೂ ಇದ್ದುದರಿಂದ ಶಿಕ್ಷಕರ ಪತ್ರಿಕೆಯು ಮಠಪತ್ರಿಕೆಯೆನಿಸಿತು. ಚನ್ನಬಸಪ್ಪನವರೂ ಅವರ ಸಹೋದ್ಯೋಗಿಗಳೂ ಇದರ ಹಿಂದಿನ ಶಕ್ತಿಯಾಗಿದ್ದರು. ಬಳಿಕ ಅದು ಶಾಲಾಪತ್ರಿಕೆಯೆಂದು ಹೆಸರಾಗಿ, ಮುಂದೆ ಜೀವನ ಶಿಕ್ಷಣವೆಂಬ ಹೆಸರನ್ನು ತಾಳಿ, ನೂರು ವರ್ಷಗಳನ್ನು ದಾಟಿ ಬಾಳಿತು. ಕನ್ನಡದಲ್ಲಿ ವರ್ತಮಾನ ಪತ್ರಗಳೇ ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಶಿಕ್ಷಕರಿಗಾಗಿಯೇ ಒಂದು ಪತ್ರಿಕೆಯು ಹುಟ್ಟಿದ್ದು ಆಶ್ಚರ್ಯವೇ ಸರಿ. ಟಪಾಲಿನವನು ಅದನ್ನು ತಂದುಕೊಟ್ಟ ದಿನ ದೂರದ ಹಳ್ಳಿಯ ಮಾಸ್ತರನಿಗೆ ತಾನು ಒಬ್ಬಂಟಿಗನಲ್ಲ, ನಾಡಿನ ಶಿಕ್ಷಕರೆಲ್ಲರ ಕೂಟದಲ್ಲಿ ತಾನೂ ಒಬ್ಬನೆಂಬ ಭಾವನೆ ಬರಲು ಅವಕಾಶವಾಯಿತು. ಭಕ್ತನು ಗುರುವಿನಿಂದ ದೂರವಿದ್ದರೂ ಇಷ್ಟಲಿಂಗದಲ್ಲಿ ಗುರುಕಾರುಣ್ಯವನ್ನು ಕಾಣುವಂತೆ, ಆ ನಾಲ್ಕು ಹಾಳೆಗಳಲ್ಲಿ ಶಿಕ್ಷಕನು ತನ್ನ ಗುರುಕುಲವನ್ನು ಕಾಣಬಹುದಾಗಿದ್ದಿತು.

ಶಿಕ್ಷಕನಿಗೆ ಆಧಾರವಾಗಬೇಕಾದ ಇನ್ನೊಂದು ವಸ್ತು ಪುಸ್ತಕ. ಧಾರವಾಡ, ಬೆಳಗಾಂವಿಗಳ ವಿದ್ಯಾಖಾತೆಯಲ್ಲಿ ಆಗ ವಿದ್ವಾಂಸರ ಒಂದು ಸುಂದರ ಸಮೂಹವೇ ನೆರೆದಿದ್ದಿತು. ವೆಂಕಟ ರಂಗೋ ಕಟ್ಟಿಯವರು ಪಠ್ಯಗ್ರಂಥಗಳನ್ನೂ ಅನುವಾದಗಳನ್ನೂ ರಚಿಸುವುದರಲ್ಲಿ ನಿರತರಾಗಿದ್ದರು. ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಕುಲಭೇದವನ್ನು ಎಣಿಸದೆ ಕನ್ನಡದ ಕೆಲಸಕ್ಕೆ ಹೆಗಲು ಕೊಟ್ಟ ಈ ಸಮೂಹದಲ್ಲಿ ಚನ್ನಬಸಪ್ಪನವರು ಮುಂದಾಳುಗಳಲ್ಲಿ ಒಬ್ಬರು. ಅವರು ತಾವೇ ಲೇಖನಿಯನ್ನು ಹಿಡಿದು ಶೇಕ್ಸ್ಪಿಯರ್ ಮಹಾಕವಿಯ ಹಾಸ್ಯನಾಟಕವೊಂದರ ಕಥೆಯನ್ನು ನಗದವರನ್ನು ನಗಿಸುವ ಕಥೆಯೆಂಬ ಹೆಸರಿನಿಂದ ಕನ್ನಡಕ್ಕೆ ಇಳಿಸಿದರು. ಇದು ೧೮೭೧ರಲ್ಲಿ ಪ್ರಕಟವಾಯಿತು. ರೂಪದಲ್ಲಿ ಒಂದೇ ತೆರನಾದ ಅವಳಿ ಸೋದರರನ್ನೂ ಅವಳಿ ಸೇವಕರನ್ನೂ ಕಂಡು ಊರಿಗೆ ಊರೇ ಭ್ರಮೆಗೊಳಗಾಗುವ ಆ ಕಥೆಯು ಕನ್ನಡಕ್ಕೆ ಬಂದ ಶೇಕ್ಸ್ಪಿಯರನ ಕೃತಿಗಳಲ್ಲಿ ತೀರ ಮೊದಲಿನವುಗಳ ಸಾಲಿಗೆ ಸೇರಿದುದು. ಬರಿಯ ವ್ಯಾಕರಣ, ಬರಿಯ ಗಣಿತದಿಂದ ಭಾಷೆಯು ಬೆಳೆಯದು. ಓದಿದವರು ನಕ್ಕು ನಲಿಯುವಂತಹ ಗದ್ಯವೂ ಕನ್ನಡದಲ್ಲಿರಬೇಕು. ಅಂತಹ ಗದ್ಯವನ್ನು ಓದಿದ ಶಿಕ್ಷಕನ ಬಾಯಲ್ಲಿಯೇ ಮಕ್ಕಳಿಗೆ ಒಳ್ಳೆಯ ಕನ್ನಡವು ಕೇಳಿಸುವುದು.

ಇಷ್ಟು ಕಾರ್ಯಗಳನ್ನು ಮಾಡಿದ ಈ ಮಹನೀಯರಿಗೆ ದೀರ್ಘಾಯುಷ್ಯವು ಲಭಿಸಲಿಲ್ಲ. ಐವತ್ತು ವರ್ಷ ತುಂಬುವ ಮೊದಲೇ, ೧೮೮೧ರಲ್ಲಿ, ಚನ್ನಬಸಪ್ಪನವರು ಲಿಂಗೈಕ್ಯರಾದರು. ತಾವು ಬಿತ್ತಿದ ಬೆಳೆಯನ್ನು ಅವರು ಪೂರ್ಣವಾಗಿ ಕಾಣಲಿಲ್ಲ. ಅವರು ಹೋದ ಎರಡು ವರ್ಷಗಳಲ್ಲಿ, ೧೮೮೩ರಲ್ಲಿ, ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಸ್ಥಾಪಿತವಾಗಿ ಬಡ ವಿದ್ಯಾರ್ಥಿಗಳಿಗೆ ಆಸರೆಯಾಯಿತು. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಜನ್ಮ ತಾಳಿತು. ೧೯೧೬ರಲ್ಲಿ ಬೆಳಗಾಂವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಮರಾಠಿಯಲ್ಲದೆ ಸಾಲೆಯಿಲ್ಲವೆಂಬಂತಿದ್ದ ಬೆಳಗಾಂವಿ ಸೀಮೆಯಲ್ಲಿ ಅರ್ಧ ಶತಮಾನದೊಳಗೆ ಶಿಕ್ಷಕರೇ ಮುಂದೆ ಬಂದು ಸಂಸ್ಥೆಯನ್ನು ಕಟ್ಟುವಷ್ಟು ಶಕ್ತರಾದರೆಂಬುದನ್ನು ನೆನೆದರೆ ಮೊದಲು ನೆಲವನ್ನು ಹದಮಾಡಿದವರ ಶ್ರಮವು ಕಣ್ಣಿಗೆ ಕಟ್ಟುವುದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಭಕ್ತರಿಗೆ ಧಾರವಾಡದ ಈ ಪುರುಷನ ಚರಿತ್ರೆಯು ದೂರದ್ದೆಂದು ತೋರಬಹುದು. ಶ್ರೀ ಕೊಟ್ಟೂರೇಶ್ವರನ ರಥೋತ್ಸವಕ್ಕೂ ಮೈಲಾರದ ಜಾತ್ರೆಗೂ ತುಂಗಭದ್ರೆಯ ಆಚೆಯ ದಡದಿಂದ ಜನರು ಬರುವುದು ಹಿಂದಿನಿಂದಲೂ ನಡೆದು ಬಂದುದು. ಭಕ್ತರನ್ನು ತಡೆಯದ ಆ ಹೊಳೆಯು ಇಂಗ್ಲಿಷರ ಆಳಿಕೆಯಲ್ಲಿ ವಿದ್ಯಾಖಾತೆಯನ್ನು ತಡೆಯಿತು. ಆಚೆಯ ದಡದ ಧಾರವಾಡ ಜಿಲ್ಲೆಯು ಮುಂಬಯಿಗೆ, ಈಚೆಯ ದಡದ ಬಳ್ಳಾರಿ ಜಿಲ್ಲೆಯು ಮದರಾಸಿಗೆ ಸೇರಿದ್ದವು. ಆಚೆಗೆ ಮರಾಠಿಯ ಪ್ರಾಬಲ್ಯವಿದ್ದಂತೆ ಈಚೆಗೆ ತೆಲುಗಿನ ಪ್ರಾಬಲ್ಯವಿದ್ದಿತು. ಹಡಗಲಿಯ ಶಿಕ್ಷಕನೂ ಹೊಳೆಯಾಚೆಯ ಮುಂಡರಗಿಯ ಶಿಕ್ಷಕನೂ ಒಂದೇ ಮಾತನ್ನಾಡುವ ಮಕ್ಕಳಿಗೆ ಪಾಠ ಹೇಳುತ್ತಿದ್ದರೂ ಒಬ್ಬನ ಅಧಿಕಾರಿಯು ಇನ್ನೊಬ್ಬನಿಗೆ ಸಂಬಂಧಪಟ್ಟವನಲ್ಲ. ಬಳ್ಳಾರಿಯಲ್ಲಿ ೧೯೧೬ರಲ್ಲಿಯೇ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿ ಈ ಸೀಮೆಯ ವಿದ್ಯೆಗೆ ಬಲ ತಂದಿತು. ೧೯೫೩ರ ಅಕ್ಟೋಬರ್ ೧ರಂದು ಈ ತಾಲ್ಲೂಕುಗಳು ಮೈಸೂರು ಸಂಸ್ಥಾನವನ್ನು ಸೇರಿದವು. ೧೯೫೬ರ ನವೆಂಬರ್ ೧ರಂದು ಹೊಳೆಯ ಎರಡು ದಡಗಳೂ ಒಂದೇ ರಾಜ್ಯದೊಳಗೆ ಬಂದವು. ಜಿಲ್ಲೆಯ ಗಡಿಗಳು ಆಮೇಲೆಯೂ ಅತ್ತಿತ್ತ ಸರಿದು, ೨೦೨೧ರಿಂದ ಈ ಐದು ತಾಲ್ಲೂಕುಗಳೂ ವಿಜಯನಗರ ಜಿಲ್ಲೆಯಲ್ಲಿವೆ.

ಗಡಿಗಳು ಹೇಗೇ ಸರಿಯಲಿ, ಚನ್ನಬಸಪ್ಪನವರು ಎದುರಿಸಿದ ಪ್ರಶ್ನೆಯು ಎರಡೂ ದಡಗಳಿಗೆ ಸಮಾನವಾದುದು. ಈಗ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿವೆ. ಹತ್ತಾರು ಸಾಲೆಗಳಿಗೆ ಒಬ್ಬರಂತೆ ಸಮೂಹ ಸಂಪನ್ಮೂಲ ವ್ಯಕ್ತಿಗಳಿದ್ದು ಶಿಕ್ಷಕರ ಬಳಿಗೆ ಹೋಗಿ ಬರುವ ಏರ್ಪಾಡಿದೆ. ಕುದುರೆಯ ಬದಲಿಗೆ ಮೋಟಾರು ಬಂದಿದೆ. ಆದರೂ ಸಾಲೆಯ ಬಾಗಿಲಿಗೆ ಬರುವವನು ಶೇರಾ ಬರೆದು ಹೋಗಲು ಬರುವನೋ, ಶಿಕ್ಷಕನ ಪಕ್ಕದಲ್ಲಿ ಕುಳಿತು ಆತನ ಪಾಠವನ್ನು ಕೇಳಿ ತಿದ್ದಲು ಬರುವನೋ ಎಂಬುದರ ಮೇಲೆಯೇ ಆ ಏರ್ಪಾಡಿನ ಫಲವು ನಿಂತಿದೆ. ಮಠದ ಆಶ್ರಯದಲ್ಲಿ ನಡೆಯುವ ಸಾಲೆಗಳ ಆಡಳಿತವನ್ನು ಹೊತ್ತ ಭಕ್ತರು ಕಟ್ಟಡಕ್ಕೆ ಕಾಣಿಕೆ ಕೊಡುವಾಗ, ಮಕ್ಕಳ ಪ್ರಸಾದಕ್ಕೆ ಧಾನ್ಯವನ್ನು ಕಳುಹಿಸುವಾಗ, ಕಲಿಸುವವರ ಕಲಿಕೆಗೂ ಒಂದು ಪಾಲನ್ನು ಮೀಸಲಿಡುವುದು ಉಚಿತ. ಹಿರಿಯ ಶಿಕ್ಷಕರು ಹೊಸಬನನ್ನು ಮರಿಯಂತೆ ಹತ್ತಿರ ಕರೆದುಕೊಂಡು ತಮ್ಮ ಅನುಭವವನ್ನು ಧಾರೆಯೆರೆಯುವುದು ಉಚಿತ. ಅಯ್ಯನವರ ಪಡಸಾಲೆಯಲ್ಲಿ ಹುಟ್ಟಿದ ಸಾಲಿಮಠದ ಪರಂಪರೆಗೆ ಹೊಸ ಕಾಲದ ವಿದ್ಯೆಯನ್ನು ಜೋಡಿಸಿ, ಶಿಕ್ಷಕನನ್ನು ಎಂದಿಗೂ ಒಬ್ಬಂಟಿಯಾಗಿ ಬಿಡಬಾರದೆಂಬ ಪಾಠವನ್ನು ತಮ್ಮ ನಡೆಯಿಂದ ಕಲಿಸಿದ ಡೆಪ್ಯುಟಿ ಚನ್ನಬಸಪ್ಪನವರಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕವು ಬೇಕಾಗಿಲ್ಲ.